ಎಂಬತ್ತರ ದಶಕದ ಎನ್‌ಬಿಎ ಜಿದ್ದು: ಅಂಥ ಹಗೆತನ ಈಗ ಏಕೆ ಹುಟ್ಟುತ್ತಿಲ್ಲ?

ಆರನೇ ಆಟಗಾರ

ಎಂಬತ್ತರ ದಶಕದ ಎನ್‌ಬಿಎ (ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್) ಬಗ್ಗೆ ಮಾತು ಬಂದಾಗಲೆಲ್ಲ, "ಆಗಿನವರು ಗಟ್ಟಿಗರು, ಈಗಿನವರು ಮೈ ಸೋಕಿದರೆ ಸಾಕು ರೆಫರಿಯ ಮುಖ ನೋಡುತ್ತಾರೆ" ಎಂಬ ಒಂದೇ ಮಾತಿನಲ್ಲಿ ಚರ್ಚೆ ಮುಗಿದುಹೋಗುತ್ತದೆ. ಲಾಸ್ ಏಂಜಲೀಸ್ ಲೇಕರ್ಸ್ ಮತ್ತು ಬಾಸ್ಟನ್ ಸೆಲ್ಟಿಕ್ಸ್ ತಂಡಗಳ ಜಿದ್ದು ಅಷ್ಟೊಂದು ಕಾವೇರಲು ಮೊಣಕೈ ಏಟುಗಳೇ ಕಾರಣವೆಂಬುದನ್ನು ನಾನು ಒಪ್ಪಲಾರೆ. ಅದೇ ಆಟಗಾರರು ಅದೇ ಎದುರಾಳಿಗಳನ್ನು, ಹಿಂದಿನ ಸೋಲಿನ ಲೆಕ್ಕ ಚುಕ್ತಾ ಆಗದೆ ಉಳಿದಿರುವಾಗಲೇ, ಮತ್ತೆ ಮತ್ತೆ ಎದುರಿಸಬೇಕಾಗಿ ಬಂದದ್ದು ಮತ್ತು ಈ ನಡುವೆ ಯಾರೂ ತಂಡ ಬಿಟ್ಟು ಹೋಗದೆ ಇದ್ದದ್ದು ಆ ಕಾಲವನ್ನು ಸುವರ್ಣಯುಗವಾಗಿಸಿತು ಎಂಬುದು ನನ್ನ ವಾದ.

ಸೆಲ್ಟಿಕ್ಸ್‌ನ ಲ್ಯಾರಿ ಬರ್ಡ್ ಮತ್ತು ಲೇಕರ್ಸ್‌ನ ಮ್ಯಾಜಿಕ್ ಜಾನ್ಸನ್ ಅವರ ಕಥೆ ಎನ್‌ಬಿಎಗೂ ಮೊದಲೇ ಆರಂಭವಾಗುತ್ತದೆ. 1979ರ ಮಾರ್ಚ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆದ ಕಾಲೇಜು ಫೈನಲ್‌ನಲ್ಲಿ ಮ್ಯಾಜಿಕ್ ಅವರ ಮಿಶಿಗನ್ ಸ್ಟೇಟ್ ತಂಡವು ಬರ್ಡ್ ಅವರ ಇಂಡಿಯಾನಾ ಸ್ಟೇಟ್ ತಂಡವನ್ನು 75–64ರಿಂದ ಸೋಲಿಸಿತು. ಅದೇ ವರ್ಷ ಇಬ್ಬರೂ ವೃತ್ತಿಪರ ಆಟಕ್ಕೆ ಕಾಲಿಟ್ಟರು. ಬರ್ಡ್ ಅವರಿಗೆ ವರ್ಷದ ಶ್ರೇಷ್ಠ ರೂಕಿ (ಹೊಸ ಆಟಗಾರ) ಪ್ರಶಸ್ತಿ ಬಂತು. ಮ್ಯಾಜಿಕ್ ಅವರಿಗೆ ಚಾಂಪಿಯನ್ ಪಟ್ಟವೇ ಸಿಕ್ಕಿತು. 1980ರ ಫೈನಲ್ಸ್‌ನ (ಏಳರಲ್ಲಿ ನಾಲ್ಕು ಪಂದ್ಯ ಗೆದ್ದವರಿಗೆ ಪಟ್ಟ ಸಿಗುವ ಸರಣಿ) ಆರನೇ ಪಂದ್ಯಕ್ಕೆ ಲೇಕರ್ಸ್‌ನ ಕರೀಂ ಅಬ್ದುಲ್-ಜಬ್ಬಾರ್ ಕಾಲು ಉಳುಕಿ ಬರಲಾಗದಿದ್ದಾಗ, ಇಪ್ಪತ್ತು ವರ್ಷದ ಮ್ಯಾಜಿಕ್ ಬುಟ್ಟಿಯ ಬಳಿ ಆಡುವ ಸೆಂಟರ್ ಜಾಗದಲ್ಲಿ ನಿಂತು 42 ಅಂಕ, 15 ರೀಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿಯುವುದು), 7 ಅಸಿಸ್ಟ್ (ಜೊತೆಗಾರನ ಅಂಕಕ್ಕೆ ನೆರವಾದ ಪಾಸ್) ಗಳಿಸಿ ಫಿಲಡೆಲ್ಫಿಯಾವನ್ನು ಅದರ ತವರಿನಲ್ಲೇ ಮಣಿಸಿದರು. ಆ ಪಂದ್ಯವನ್ನು ಸಿಬಿಎಸ್ ವಾಹಿನಿ ಅಮೆರಿಕದ ಬಹುಭಾಗದಲ್ಲಿ ನೇರವಾಗಿ ತೋರಿಸದೆ, ಚಿತ್ರೀಕರಿಸಿಟ್ಟು ರಾತ್ರಿ ತಡವಾಗಿ ಪ್ರಸಾರ ಮಾಡಿತ್ತು ಎಂದರೆ ಆಗ ಈ ಲೀಗ್‌ಗೆ ಎಷ್ಟು ಬೆಲೆಯಿತ್ತೆಂದು ಊಹಿಸಬಹುದು.

1984ರ ಫೈನಲ್ಸ್ ಬಗ್ಗೆ ತುಸು ವಿವರವಾಗಿ ಹೇಳಲೇಬೇಕು, ಏಕೆಂದರೆ ಹೆಚ್ಚಿನವರು ಅದರಲ್ಲಿ ಸೆಲ್ಟಿಕ್ಸ್‌ನ ಮೆಕ್‌ಹೇಲ್ ಮಾಡಿದ ಒಂದು ಫೌಲ್ ಬಿಟ್ಟು ಬೇರೇನನ್ನೂ ನೆನಪಿಟ್ಟುಕೊಂಡಿಲ್ಲ. ಮೊದಲ ಪಂದ್ಯವನ್ನು ಲೇಕರ್ಸ್ ಬಾಸ್ಟನ್‌ನಲ್ಲೇ ಗೆದ್ದಿತ್ತು. ಎರಡನೆಯದರಲ್ಲೂ ಕೊನೆಯ ಕ್ಷಣಗಳಲ್ಲಿ ಎರಡು ಅಂಕಗಳ ಮುನ್ನಡೆಯೊಡನೆ ಚೆಂಡು ಅವರ ಕೈಯಲ್ಲೇ ಇತ್ತು. ಜೇಮ್ಸ್ ವರ್ದಿ ಕೋರ್ಟಿನ ಅಡ್ಡಕ್ಕೆ ಬೈರನ್ ಸ್ಕಾಟ್ ಕಡೆಗೆ ಎಸೆದ ಮಂದಗತಿಯ ಪಾಸನ್ನು ಸೆಲ್ಟಿಕ್ಸ್‌ನ ಜೆರಾಲ್ಡ್ ಹೆಂಡರ್ಸನ್ ನಡುವೆ ನುಗ್ಗಿ ಕಸಿದು, ಬುಟ್ಟಿಗೆ ಹಾಕಿ ಅಂಕಗಳನ್ನು ಸಮ ಮಾಡಿದರು. ಆಮೇಲೂ ಲೇಕರ್ಸ್‌ಗೆ ಗೆಲ್ಲುವ ಅವಕಾಶವಿತ್ತು, ಆದರೆ ಮ್ಯಾಜಿಕ್ ಚೆಂಡನ್ನು ನೆಲಕ್ಕೆ ಬಡಿಯುತ್ತ ನಿಂತಂತೆಯೇ ಸಮಯ ಮುಗಿದುಹೋಯಿತು. ಹೆಚ್ಚುವರಿ ಅವಧಿಯಲ್ಲಿ ಸೆಲ್ಟಿಕ್ಸ್ ಗೆದ್ದಿತು. ಮೂರನೇ ಪಂದ್ಯದಲ್ಲಿ ಲೇಕರ್ಸ್ 137–104ರಿಂದ ಅವರನ್ನು ಹೊಸಕಿಹಾಕಿದ ಮೇಲೆ, ತಮ್ಮ ತಂಡ ಗಂಡೆದೆಯಿಂದ ಆಡಲಿಲ್ಲವೆಂಬ ಅರ್ಥದಲ್ಲಿ ಬರ್ಡ್ ಪತ್ರಕರ್ತರೆದುರು ಸ್ವಂತ ಜೊತೆಗಾರರನ್ನೇ ಹೀಗಳೆದರು. ಆ ಫೌಲ್ ಬಂದದ್ದು ಇದರ ಮರುಪಂದ್ಯದಲ್ಲಿ. ವೇಗವಾಗಿ ನುಗ್ಗಿ ಬುಟ್ಟಿಯತ್ತ ಹಾರಿದ್ದ ಲೇಕರ್ಸ್‌ನ ಕರ್ಟ್ ರ‍್ಯಾಂಬಿಸ್ ಅವರನ್ನು ಕೆವಿನ್ ಮೆಕ್‌ಹೇಲ್ ಕುತ್ತಿಗೆಗೆ ಕೈ ಅಡ್ಡ ಹಾಕಿ ನೆಲಕ್ಕೆ ಕೆಡವಿದರು. ಹೆಚ್ಚುವರಿ ಅವಧಿಗೆ ಹೋದ ಆ ಪಂದ್ಯವನ್ನೂ ಸೆಲ್ಟಿಕ್ಸ್ 129–125ರಿಂದ ಗೆದ್ದಿತು.

ಐದನೆಯದು ಹವಾನಿಯಂತ್ರಣವೇ ಇಲ್ಲದ ಬಾಸ್ಟನ್ ಗಾರ್ಡನ್‌ನಲ್ಲಿ, ಒಳಗೆ 97 ಡಿಗ್ರಿ ಫ್ಯಾರನ್‌ಹೀಟ್ ಸೆಕೆಯಲ್ಲಿ ನಡೆಯಿತು. ಕರೀಂ ಬೆಂಚಿನ ಮೇಲೆ ಕುಳಿತು ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಿಡಿದುಕೊಂಡಿದ್ದ ಆ ಹೊತ್ತಿನಲ್ಲಿ, ಬರ್ಡ್ 34 ಅಂಕ ಮತ್ತು 17 ರೀಬೌಂಡ್ ಗಳಿಸಿದರು. ಏಳನೇ ಪಂದ್ಯವೂ ಅದೇ ಅಂಗಣದಲ್ಲಿ 111–102ರಿಂದ ಸೆಲ್ಟಿಕ್ಸ್ ಪಾಲಾಯಿತು.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. 1985ರಲ್ಲಿ ಲೇಕರ್ಸ್ ಮತ್ತೆ ಫೈನಲ್ಸ್‌ಗೆ ಬಂದಾಗ ಮ್ಯಾಜಿಕ್, ಕರೀಂ, ವರ್ದಿ, ಸ್ಕಾಟ್, ಕೂಪರ್, ರ‍್ಯಾಂಬಿಸ್ ಎಲ್ಲರೂ ಅದೇ ತಂಡದಲ್ಲಿದ್ದರು. ಎದುರಿಗೆ ಬರ್ಡ್, ಮೆಕ್‌ಹೇಲ್, ಪ್ಯಾರಿಶ್, ಡೆನಿಸ್ ಜಾನ್ಸನ್ ಅವರೂ ಇದ್ದರು. ಪಾಸ್ ಕಳೆದುಕೊಂಡವರು, ಕೆಳಗೆ ಬಿದ್ದವರು, ಕೆಡವಿದವರು ಹೀಗೆ ಹನ್ನೆರಡು ತಿಂಗಳೊಳಗೆ ಮತ್ತೆ ಮುಖಾಮುಖಿಯಾದರು. ಇಂಥದ್ದು ಈಗ ಏಕೆ ಘಟಿಸುತ್ತಿಲ್ಲ ಎಂಬುದರ ಬಗ್ಗೆ ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ಅಂಕಪಟ್ಟಿ

ಆರನೇ ಆಟಗಾರ ಅವರೇ, ಸರಣಿಯನ್ನು ಸೊಗಸಾಗಿ ಬಿಡಿಸಿಟ್ಟಿದ್ದೀರಿ. ಆದರೆ ನಿಮ್ಮ ವಾದಕ್ಕೂ ನೀವು ಕೊಟ್ಟ ಉದಾಹರಣೆಗೂ ಹೊಂದಿಕೆಯಾಗುತ್ತಿಲ್ಲ. ಇಡೀ ದಶಕದಲ್ಲಿ ಲೇಕರ್ಸ್ ಮತ್ತು ಸೆಲ್ಟಿಕ್ಸ್ ಫೈನಲ್ಸ್‌ನಲ್ಲಿ ಎದುರಾದದ್ದು 1984, 1985 ಮತ್ತು 1987ರಲ್ಲಿ ಮಾತ್ರ. ಬೇರೆ ಬೇರೆ ಕಾನ್ಫರೆನ್ಸ್‌ಗಳಿಗೆ (ಪೂರ್ವ, ಪಶ್ಚಿಮ ವಿಭಾಗಗಳಿಗೆ) ಸೇರಿದ ತಂಡಗಳಾದ್ದರಿಂದ ಲೀಗ್ ಹಂತದಲ್ಲೂ ವರ್ಷಕ್ಕೆ ಎರಡೇ ಬಾರಿ ಆಡುತ್ತಿದ್ದವು.

ಮತ್ತೆ ಮತ್ತೆ ಎದುರಾಗುವುದರಿಂದ ಜಿದ್ದು ಬೆಳೆಯುತ್ತದೆ ಎನ್ನುವುದಾದರೆ ನೀವು ಮೊದಲು ಬರೆಯಬೇಕಾದದ್ದು ಸೆಲ್ಟಿಕ್ಸ್ ಮತ್ತು ಫಿಲಡೆಲ್ಫಿಯಾ ಸಿಕ್ಸರ್ಸ್ ಬಗ್ಗೆ. 1980, 1981, 1982, 1985 ಹೀಗೆ ಆರು ವರ್ಷಗಳಲ್ಲಿ ನಾಲ್ಕು ಸಲ ಪೂರ್ವ ವಿಭಾಗದ ಫೈನಲ್‌ನಲ್ಲಿ ಆ ಎರಡು ತಂಡಗಳು ಸೆಣಸಿದವು. 1981ರಲ್ಲಿ 1–3ರ ಹಿನ್ನಡೆಯಿಂದ ಎದ್ದು ಸೆಲ್ಟಿಕ್ಸ್ ಗೆದ್ದಿತು. ಮರುವರ್ಷ ಸಿಕ್ಸರ್ಸ್ ಬಾಸ್ಟನ್‌ಗೇ ಬಂದು ಏಳನೇ ಪಂದ್ಯ ಗೆದ್ದುಕೊಂಡಾಗ, ಸೋಲು ಖಚಿತವಾದ ಮೇಲೆ ಬಾಸ್ಟನ್ ಪ್ರೇಕ್ಷಕರು ತಮ್ಮನ್ನು ಸೋಲಿಸಿದ ತಂಡದ ಕಡೆ ತಿರುಗಿ, ಫೈನಲ್ಸ್‌ನಲ್ಲಿ ಲಾಸ್ ಏಂಜಲೀಸನ್ನು ಬಗ್ಗುಬಡಿಯಿರಿ ಎಂದು ಒಕ್ಕೊರಲಿನಿಂದ ಕೂಗಿದರು. ಇನ್ನು 1984ರ ನವೆಂಬರ್‌ನಲ್ಲಿ ಬರ್ಡ್ ಮತ್ತು ಸಿಕ್ಸರ್ಸ್‌ನ ಜೂಲಿಯಸ್ ಅರ್ವಿಂಗ್ ಪರಸ್ಪರ ಕತ್ತು ಹಿಡಿದು ಹೊಡೆದಾಡಿದ್ದು ತಮಗೆ ಗೊತ್ತೇ ಇದೆ. ಆ ಹೊತ್ತಿಗೆ ಬರ್ಡ್ 42 ಅಂಕ ಗಳಿಸಿದ್ದರೆ ಅರ್ವಿಂಗ್ ಅವರದು ಆರೇ ಆರು. ಲೀಗ್‌ನ ಅತ್ಯಂತ ಸಭ್ಯ ಆಟಗಾರರೆಂದು ಹೆಸರಾಗಿದ್ದ ಅರ್ವಿಂಗ್ ಅವರೇ ಕೈ ಎತ್ತಿದರು ಎಂದ ಮೇಲೆ ಅಲ್ಲಿ ಎಷ್ಟು ವರ್ಷಗಳ ಸಿಟ್ಟು ಮಡುಗಟ್ಟಿತ್ತೆಂದು ಲೆಕ್ಕ ಹಾಕಿ.

ಇನ್ನೊಂದು ಮಾತು. ಸುವರ್ಣಯುಗವೆಂದು ಹಾಡಿಹೊಗಳುವಾಗ, ಆ ಹತ್ತು ವರ್ಷಗಳಲ್ಲಿ ಚಾಂಪಿಯನ್ ಆದ ತಂಡಗಳು ನಾಲ್ಕೇ ಎಂಬುದನ್ನು ಮರೆಯಬಾರದು. ಲೇಕರ್ಸ್‌ಗೆ ಐದು, ಸೆಲ್ಟಿಕ್ಸ್‌ಗೆ ಮೂರು, ಸಿಕ್ಸರ್ಸ್ ಮತ್ತು ಡೆಟ್ರಾಯಿಟ್ ಪಿಸ್ಟನ್ಸ್‌ಗೆ ಒಂದೊಂದು ಪಟ್ಟ. 1980ರಿಂದ 1989ರವರೆಗೆ ಲೇಕರ್ಸ್ ಅಥವಾ ಸೆಲ್ಟಿಕ್ಸ್ ಇಲ್ಲದ ಫೈನಲ್ಸ್ ಒಂದೂ ಇಲ್ಲ. ಉಳಿದ ಊರುಗಳ ಅಭಿಮಾನಿಗಳಿಗೆ ಅದು ಯಾವ ಸುವರ್ಣಯುಗ? 2019ರಿಂದ 2025ರವರೆಗಿನ ಏಳು ವರ್ಷಗಳಲ್ಲಿ ಏಳು ಬೇರೆ ಬೇರೆ ತಂಡಗಳು ಗೆದ್ದಿವೆ. ಕ್ರೀಡೆಗೆ ಆರೋಗ್ಯ ಯಾವುದರಲ್ಲಿದೆ ಎಂಬುದನ್ನು ಸ್ವಲ್ಪ ಯೋಚಿಸಿ.

ಆರನೇ ಆಟಗಾರ

ಅಂಕಪಟ್ಟಿ ಅವರೇ, ಬಾಸ್ಟನ್ ಪ್ರೇಕ್ಷಕರ ಆ ಕೂಗನ್ನು ನೀವೇ ನೆನಪಿಸಿದ್ದು ನನಗೆ ಅನುಕೂಲವೇ ಆಯಿತು. 1982ರಲ್ಲಿ ಬರ್ಡ್ ಇನ್ನೂ ಮ್ಯಾಜಿಕ್ ಅವರನ್ನು ಫೈನಲ್ಸ್‌ನಲ್ಲಿ ಎದುರಿಸಿರಲೇ ಇಲ್ಲ. ಹಾಗಿರುವಾಗ ಆ ಜನರಿಗೆ ಲಾಸ್ ಏಂಜಲೀಸ್ ಮೇಲೆ ಅಷ್ಟು ಹಗೆ ಎಲ್ಲಿಂದ ಬಂತು? 1959ರಿಂದ 1969ರವರೆಗೆ ಲೇಕರ್ಸ್ ತಂಡವು ಸೆಲ್ಟಿಕ್ಸ್ ಎದುರು ಏಳು ಫೈನಲ್ಸ್ ಸೋತಿತ್ತು. ಆ ಪೈಕಿ ಮೊದಲನೆಯದನ್ನು ಸೋತಾಗ ಅದು ಇನ್ನೂ ಮಿನಿಯಾಪೊಲಿಸ್‌ನಲ್ಲಿತ್ತು. 1969ರ ಏಳನೇ ಪಂದ್ಯಕ್ಕೆ ಮುನ್ನ ಲೇಕರ್ಸ್ ಮಾಲೀಕ ಜ್ಯಾಕ್ ಕೆಂಟ್ ಕುಕ್ ಅವರು ಗೆಲುವಿನ ಸಂಭ್ರಮಕ್ಕೆಂದು ಫೋರಂ ಅಂಗಣದ ಛಾವಣಿಗೆ ಬಲೂನುಗಳನ್ನು ಕಟ್ಟಿಸಿಟ್ಟಿದ್ದರು. ಸೆಲ್ಟಿಕ್ಸ್ 108–106ರಿಂದ ಗೆದ್ದಿತು, ಬಲೂನುಗಳು ಮೇಲೆಯೇ ಉಳಿದವು. ಆ ದಿನ 42 ಅಂಕ ಗಳಿಸಿಯೂ ಸೋತ ಜೆರ‍್ರಿ ವೆಸ್ಟ್ ಅವರಿಗೆ ಫೈನಲ್ಸ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಕೊಟ್ಟರು. ಸೋತ ತಂಡದ ಆಟಗಾರನಿಗೆ ಆ ಗೌರವ ಸಂದದ್ದು ಅದೊಂದೇ ಸಲ. ಇದೇ ವೆಸ್ಟ್ ಎಂಬತ್ತರ ದಶಕದಲ್ಲಿ ಲೇಕರ್ಸ್‌ನ ಜನರಲ್ ಮ್ಯಾನೇಜರ್ ಆಗಿದ್ದರು. ಆ ಕಡೆ ಅರವತ್ತರ ದಶಕದ ಸೆಲ್ಟಿಕ್ಸ್ ಕೋಚ್ ರೆಡ್ ಔರ್‌ಬ್ಯಾಕ್ ಅದೇ ತಂಡದ ಆಡಳಿತ ನಡೆಸುತ್ತಿದ್ದರು. ಅಂದರೆ ಅಂಗಣಕ್ಕೆ ಹೊಸಬರು ಬಂದರೂ ಲೆಕ್ಕದ ಪುಸ್ತಕ ಹಳಬರ ಕೈಯಲ್ಲೇ ಇತ್ತು.

ಆದ್ದರಿಂದಲೇ 1985ಕ್ಕೆ ಅಷ್ಟು ತೂಕ ಬಂತು. ಮೊದಲ ಪಂದ್ಯವನ್ನು ಸೆಲ್ಟಿಕ್ಸ್ 148–114ರಿಂದ ಗೆದ್ದುಕೊಂಡಿತು. 38ರ ವಯಸ್ಸಿನ ಕರೀಂ ಆ ದಿನ ಓಡಲಾರದೆ ಹಿಂದೆ ಬಿದ್ದಿದ್ದರಿಂದ, ಅವರ ಕಾಲ ಮುಗಿಯಿತೆಂದು ಜನ ಷರಾ ಬರೆದರು. ಎರಡನೇ ಪಂದ್ಯಕ್ಕೆ ಹೊರಟ ಬಸ್ಸಿನಲ್ಲಿ ಕರೀಂ ತಮ್ಮ ತಂದೆಯನ್ನೂ ಜೊತೆಗೆ ಕರೆದುಕೊಂಡು ಹೋದರು. ಆಟಗಾರರಷ್ಟೇ ಹತ್ತಬೇಕಾದ ಬಸ್ಸಿನಲ್ಲಿ ಇದಕ್ಕೆ ಕೋಚ್ ಪ್ಯಾಟ್ ರೈಲಿ ಒಪ್ಪಿಗೆ ಕೊಟ್ಟರು. ಆ ರಾತ್ರಿ ಕರೀಂ ಗಳಿಸಿದ್ದು 30 ಅಂಕ, 17 ರೀಬೌಂಡ್, 8 ಅಸಿಸ್ಟ್. ಲೇಕರ್ಸ್ ಸರಣಿಯನ್ನು 4–2ರಿಂದ, ಅದೂ ಬಾಸ್ಟನ್ ಗಾರ್ಡನ್‌ನಲ್ಲೇ ಗೆದ್ದಿತು. ಎಂಟು ಸೋಲುಗಳ ಬಳಿಕ ಸೆಲ್ಟಿಕ್ಸ್ ವಿರುದ್ಧ ಫೈನಲ್ಸ್‌ನಲ್ಲಿ ಅದು ಅವರ ಮೊದಲ ಗೆಲುವು.

ಮಿಶಿಗನ್ ಕನ್ನಡಿಗ

ಇಷ್ಟು ಹೊತ್ತಾದರೂ ಯಾರೂ ಡೆಟ್ರಾಯಿಟ್ ಕಡೆ ಬರಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ಸ್ನಾತಕೋತ್ತರ ಓದಿಗೆಂದು ಡೆಟ್ರಾಯಿಟ್ ಬಳಿಯ ಆನ್ ಆರ್ಬರ್‌ಗೆ ಬಂದು ಇಲ್ಲಿಯೇ ಉಳಿದವನು ನಾನು. ಕ್ರಿಕೆಟ್ ಬಿಟ್ಟರೆ ಬೇರೆ ಆಟ ತಿಳಿಯದ ನನಗೆ ಬ್ಯಾಸ್ಕೆಟ್‌ಬಾಲ್ ಹಿಡಿಸಿದ್ದು ಪಿಸ್ಟನ್ಸ್‌ನಿಂದ. ಆದ್ದರಿಂದ ನನ್ನ ಮಾತಿನಲ್ಲಿ ಪಕ್ಷಪಾತವಿದೆ, ಅದನ್ನು ಮುಚ್ಚಿಡುವುದಿಲ್ಲ.

ಮತ್ತೆ ಮತ್ತೆ ಎದುರಾಗುವುದರಿಂದ ಏನಾಗುತ್ತದೆ ಎಂಬುದಕ್ಕೆ ಪಿಸ್ಟನ್ಸ್‌ಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಅವರು 1985ರಲ್ಲಿ ಸೆಲ್ಟಿಕ್ಸ್ ಎದುರು ಸೋತರು, 1987ರಲ್ಲಿ ಮತ್ತೆ ಸೋತರು, 1988ರಲ್ಲಿ ಗೆದ್ದರು. 1987ರ ಸರಣಿಯನ್ನು ನಾನು ದಿನದಿನವೂ ಹಿಂಬಾಲಿಸಿದ್ದೆ. ಮೂರನೇ ಪಂದ್ಯದಲ್ಲಿ ನಮ್ಮ ಬಿಲ್ ಲೇಂಬೀರ್ ಅವರು ಬರ್ಡ್ ಅವರನ್ನು ಅಪ್ಪಿ ಕೆಡವಿದರು. ಬರ್ಡ್ ಎದ್ದು ಚೆಂಡನ್ನೇ ಅವರತ್ತ ಬೀಸಿದರು. ಇಬ್ಬರನ್ನೂ ಹೊರಗೆ ಕಳಿಸಲಾಯಿತು. ಐದನೆಯದರಲ್ಲಿ ಮಿತಭಾಷಿ ರಾಬರ್ಟ್ ಪ್ಯಾರಿಶ್ ಅವರೇ ಲೇಂಬೀರ್ ಮುಖಕ್ಕೆ ಗುದ್ದಿ, ಮುಂದಿನ ಪಂದ್ಯಕ್ಕೆ ಅಮಾನತಾದರು. ಅದೇ ಐದನೇ ಪಂದ್ಯದ ಕೊನೆಯಲ್ಲಿ ಪಿಸ್ಟನ್ಸ್ ಒಂದು ಅಂಕ ಮುಂದಿತ್ತು, ಐದು ಸೆಕೆಂಡು ಬಾಕಿಯಿತ್ತು, ಗೆರೆಯಾಚೆಯಿಂದ ಚೆಂಡನ್ನು ಅಂಗಣದೊಳಗೆ ಎಸೆಯುವ ಸರದಿಯೂ ನಮ್ಮದೇ ಆಗಿತ್ತು. ಕೋಚ್ ಚಕ್ ಡೇಲಿ ಟೈಮ್‌ಔಟ್ ಕೇಳಿ ಎಂದು ಬದಿಯಿಂದ ಸನ್ನೆ ಮಾಡುತ್ತಿದ್ದರೂ ಅದನ್ನು ಗಮನಿಸದ ಐಸಯ್ಯ ಥಾಮಸ್, ಬುಟ್ಟಿಯ ಬಳಿ ನಿಂತಿದ್ದ ಲೇಂಬೀರ್‌ಗೆ ಚೆಂಡೆಸೆದರು. ಎಲ್ಲಿಂದಲೋ ನುಗ್ಗಿದ ಬರ್ಡ್ ಅದನ್ನು ಕಸಿದು, ಗೆರೆಯಾಚೆ ವಾಲುತ್ತಿದ್ದ ಮೈಯನ್ನು ಬಿಗಿಹಿಡಿದು ತಿರುಗಿ, ಓಡಿ ಬರುತ್ತಿದ್ದ ಡೆನಿಸ್ ಜಾನ್ಸನ್‌ಗೆ ಕೊಟ್ಟರು. ಅವರು ಅದನ್ನು ಬುಟ್ಟಿಗೆ ಹಾಕಿದರು, ಪಂದ್ಯ 108–107ರಿಂದ ಸೆಲ್ಟಿಕ್ಸ್ ಪಾಲಾಯಿತು.

ಮರುವರ್ಷ ನಮ್ಮ ತವರು ಅಂಗಣವಾದ ಪಾಂಟಿಯಾಕ್‌ನ ಸಿಲ್ವರ್‌ಡೋಮ್‌ನಲ್ಲಿ ಸೆಲ್ಟಿಕ್ಸ್ ಸೋತಾಗ, ಇನ್ನೂ ಸಮಯ ಬಾಕಿಯಿರುವಂತೆಯೇ ಆ ತಂಡದವರು ಅಂಗಣದಿಂದ ಹೊರಗೆ ಹೊರಟರು. ಮೆಕ್‌ಹೇಲ್ ಒಬ್ಬರು ನಿಂತು ಐಸಯ್ಯ ಅವರ ಕೈ ಕುಲುಕಿ, ಫೈನಲ್ಸ್ ತಲುಪಿದ್ದಕ್ಕೇ ತೃಪ್ತರಾಗಬೇಡಿ, ಗೆಲ್ಲಿರಿ ಎಂಬ ಅರ್ಥದ ಮಾತು ಹೇಳಿ ಹೋದರು. ಇದನ್ನು ಇಲ್ಲಿ ಬೇಕೆಂದೇ ಬರೆಯುತ್ತಿದ್ದೇನೆ. 1991ರಲ್ಲಿ ಶಿಕಾಗೊ ಬುಲ್ಸ್ ಎದುರು 0–4ರಿಂದ ಸೋತ ಪಿಸ್ಟನ್ಸ್ ಆಟಗಾರರು ಕೈ ಕುಲುಕದೆ ನಡೆದುಹೋದದ್ದನ್ನು ಇಂದಿಗೂ ಮಹಾಪರಾಧವೆಂಬಂತೆ ಆಡಿಕೊಳ್ಳುತ್ತಾರೆ. ಅದು ಸಣ್ಣತನವೇ, ನಾನು ಸಮರ್ಥಿಸುವುದಿಲ್ಲ. ಆದರೆ ಆ ಪಾಠ ಕಲಿಸಿದವರು ಯಾರು ಎಂಬುದನ್ನೂ ಹೇಳಬೇಕಲ್ಲವೇ?

ಮಂಡ್ಯ ಪಾಯಿಂಟ್‌ಗಾರ್ಡ್

ಹಿರಿಯರೆಲ್ಲರಿಗೂ ನಮಸ್ಕಾರ. ನಾನು ಕ್ಲಬ್ ಮಟ್ಟದಲ್ಲಿ ಆಡುವವನು. ಆ ಕಾಲದ ಪಂದ್ಯಗಳನ್ನು ಯೂಟ್ಯೂಬ್‌ನಲ್ಲಿ ಪೂರ್ತಿಯಾಗಿ ನೋಡಿದ್ದೇನೆ. ಗೌರವದಿಂದಲೇ ಒಂದು ಆಕ್ಷೇಪವನ್ನು ಮುಂದಿಡುತ್ತೇನೆ.

ಮೆಕ್‌ಹೇಲ್ ಮಾಡಿದ್ದು ಇವತ್ತಾಗಿದ್ದರೆ ಅವರನ್ನು ಅಲ್ಲಿಯೇ ಹೊರಗೆ ಹಾಕಿ ಮುಂದಿನ ಪಂದ್ಯಕ್ಕೂ ಅಮಾನತು ಮಾಡುತ್ತಿದ್ದರು. ಅಂದು ಅದನ್ನು ಸಾಮಾನ್ಯ ಫೌಲ್ ಎಂದು ಲೆಕ್ಕ ಹಾಕಿ ಆಟ ಮುಂದುವರಿಸಿದರು. ಗಾಳಿಯಲ್ಲಿರುವ ಮನುಷ್ಯನ ಕುತ್ತಿಗೆಗೆ ಕೈ ಹಾಕುವುದನ್ನು ಜಿದ್ದು ಎಂದು ಕರೆದು ಮೆಚ್ಚುವುದು ನನಗೆ ಸರಿ ಕಾಣುವುದಿಲ್ಲ. ಆಟದ ಮಾತಿಗೆ ಬಂದರೆ, ಆ ಋತುವಿನಲ್ಲಿ ಒಂದು ತಂಡವು ಪಂದ್ಯಕ್ಕೆ ಸರಾಸರಿ ಮೂರು ಸಲವೂ ದೂರದಿಂದ ಎಸೆಯುವ ಮೂರಂಕದ ಎಸೆತಕ್ಕೆ ಕೈ ಹಾಕುತ್ತಿರಲಿಲ್ಲ. ಹತ್ತು ಜನರೂ ಬುಟ್ಟಿಯ ಸುತ್ತಲೇ ಕಿಕ್ಕಿರಿದಿರುತ್ತಿದ್ದರು. ಅಷ್ಟು ಇಕ್ಕಟ್ಟಿನಲ್ಲಿ ಮೈ ತಾಗುವುದು, ಸಿಟ್ಟು ಬರುವುದು ಸಹಜ. ಈಗ ಅಂಗಣ ಅಗಲವಾಗಿದೆ, ಕೌಶಲ ಹೆಚ್ಚಿದೆ.

ಮತ್ತೆ ಮತ್ತೆ ಎದುರಾಗುವುದೇ ಮುಖ್ಯವೆಂದರೆ, ಗೋಲ್ಡನ್ ಸ್ಟೇಟ್ ವಾರಿಯರ್ಸ್ ಮತ್ತು ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ 2015ರಿಂದ 2018ರವರೆಗೆ ಸತತ ನಾಲ್ಕು ಫೈನಲ್ಸ್ ಆಡಿದವು. ಹಾಗೆ ನಾಲ್ಕು ವರ್ಷ ಸತತವಾಗಿ ಅವೇ ಎರಡು ತಂಡಗಳು ಫೈನಲ್ಸ್‌ನಲ್ಲಿ ಎದುರಾದದ್ದು ಲೀಗ್‌ನ ಇತಿಹಾಸದಲ್ಲೇ ಅದು ಮೊದಲ ಸಲ. ಅದನ್ನೇಕೆ ಸುವರ್ಣಯುಗ ಎನ್ನುವುದಿಲ್ಲ?

ಆರನೇ ಆಟಗಾರ

ಪಾಯಿಂಟ್‌ಗಾರ್ಡ್ ಅವರೇ, ನಿಮ್ಮ ಪ್ರಶ್ನೆ ನೇರವಾಗಿದೆ, ಉತ್ತರವೂ ನೇರವಾಗಿಯೇ ಇದೆ. 2016ರಲ್ಲಿ ಕ್ಯಾವಲಿಯರ್ಸ್ 1–3ರ ಹಿನ್ನಡೆಯಿಂದ ಎದ್ದು ಗೆದ್ದಾಗ ಅದು ನಿಜವಾಗಿಯೂ 1984ಕ್ಕೆ ಸರಿಸಾಟಿಯಾದ ಜಿದ್ದಾಗಿತ್ತು. ಮರುವರ್ಷದ ಸೇಡಿಗಾಗಿ ಲೋಕವೇ ಕಾಯುತ್ತಿತ್ತು. ಆ ಬೇಸಿಗೆಯಲ್ಲಿ ಕೆವಿನ್ ಡುರಾಂಟ್ ವಾರಿಯರ್ಸ್ ಸೇರಿದರು. ಕೆಲವೇ ವಾರಗಳ ಹಿಂದೆ ಪಶ್ಚಿಮ ವಿಭಾಗದ ಫೈನಲ್‌ನಲ್ಲಿ 3–1ರಿಂದ ಮುಂದಿದ್ದೂ ತಮ್ಮ ಒಕ್ಲಹೋಮಾ ತಂಡ ಸೋತದ್ದು ಯಾರೆದುರೋ, ಅವರ ಜೊತೆಗೇ ಹೋಗಿ ನಿಂತರು. ಅಲ್ಲಿಗೆ ಒಂದಲ್ಲ, ಎರಡು ಜಿದ್ದುಗಳು ಒಟ್ಟಿಗೇ ಸತ್ತವು. 2017ರಲ್ಲಿ ವಾರಿಯರ್ಸ್ 4–1, 2018ರಲ್ಲಿ 4–0. ನಾಲ್ಕು ಸಲ ಎದುರಾದರು ನಿಜ, ಆದರೆ ಲೆಕ್ಕ ಮೊದಲ ಎರಡರಲ್ಲೇ ಮುಗಿದುಹೋಯಿತು.

ಡುರಾಂಟ್ ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ದುಡಿಯುವವನಿಗೆ ತನ್ನ ಕೆಲಸದ ಜಾಗ ಆರಿಸಿಕೊಳ್ಳುವ ಹಕ್ಕಿರಬೇಕು. ಎಂಬತ್ತರ ದಶಕದ ಹೆಚ್ಚಿನ ಭಾಗದಲ್ಲಿ ಆ ಹಕ್ಕು ಅರೆಬರೆಯಾಗಿತ್ತು. ಒಪ್ಪಂದ ಮುಗಿದ ಆಟಗಾರನಿಗೆ ಬೇರೆ ತಂಡ ಎಷ್ಟೇ ಸಂಬಳ ಮುಂದಿಟ್ಟರೂ ಅಷ್ಟನ್ನೇ ಕೊಟ್ಟು ಅವನನ್ನು ಉಳಿಸಿಕೊಳ್ಳುವ ಅಧಿಕಾರ ಹಳೆಯ ತಂಡಕ್ಕಿತ್ತು. ಅನುಭವಿ ಆಟಗಾರರಿಗೆ ಆ ಕಟ್ಟು ಸಡಿಲಗೊಂಡದ್ದು 1988ರಲ್ಲಿ. 1984–85ರಲ್ಲಿ ಜಾರಿಗೆ ಬಂದ ಸಂಬಳದ ಮಿತಿ ತಂಡಕ್ಕೆ 36 ಲಕ್ಷ ಡಾಲರ್ ಇತ್ತು, ಆದರೆ ಸ್ವಂತ ಆಟಗಾರರನ್ನು ಉಳಿಸಿಕೊಳ್ಳುವುದಕ್ಕಾಗಿ ಆ ಮಿತಿಯನ್ನು ದಾಟಬಹುದಿತ್ತು. ಆ ವಿನಾಯಿತಿಗೆ ಇವತ್ತಿಗೂ ಬರ್ಡ್ ಅವರದೇ ಹೆಸರಿದೆ. ಮ್ಯಾಜಿಕ್ ಅವರಂತೂ 1981ರಲ್ಲಿ 25 ವರ್ಷಗಳಿಗೆ 2.5 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದ್ದರು. ಬರ್ಡ್, ಮ್ಯಾಜಿಕ್, ಮೆಕ್‌ಹೇಲ್, ಐಸಯ್ಯ, ಪಿಸ್ಟನ್ಸ್‌ನ ಜೋ ಡುಮಾರ್ಸ್ ಐವರೂ ವೃತ್ತಿಜೀವನವನ್ನು ಒಂದೇ ತಂಡದಲ್ಲಿ ಆರಂಭಿಸಿ ಅಲ್ಲಿಯೇ ಮುಗಿಸಿದವರು. ನಾವು ನಿಷ್ಠೆ ಎಂದು ಕೊಂಡಾಡುವುದರಲ್ಲಿ ಅರ್ಧ ಪಾಲು ಕರಾರಿನ ಷರತ್ತೇ ಆಗಿತ್ತು ಎಂದರೆ ಅಭಿಮಾನಿಗಳಿಗೆ ಬೇಸರವಾಗಬಹುದು. ಆದರೂ ಆ ಷರತ್ತಿನ ಫಲವನ್ನು ಉಂಡವರು ನಾವೇ.

ಶಿಕಾಗೊ ಬುಲ್ಸ್‌ನ ಮೈಕೆಲ್ ಜೋರ್ಡನ್ ಅವರನ್ನೇ ನೋಡಿ. 1988, 1989, 1990 ಮೂರು ವರ್ಷವೂ ಪಿಸ್ಟನ್ಸ್ ಅವರನ್ನು ತಡೆದು ನಿಲ್ಲಿಸಿತು. ಅವರು ಎಲ್ಲಿಂದ ನುಗ್ಗಿದರೆ ಯಾರು ಎಲ್ಲಿಗೆ ತಳ್ಳಬೇಕು, ಯಾವಾಗ ಇಬ್ಬರು ಮುತ್ತಬೇಕು, ಮೇಲೆ ಹಾರಿದರೆ ಹೇಗೆ ಕೆಳಗಿಳಿಸಬೇಕು ಎಂಬುದಕ್ಕೆಲ್ಲ ಡೇಲಿ ಒಂದು ಕಟ್ಟಳೆಯನ್ನೇ ಮಾಡಿಟ್ಟಿದ್ದರು. ಜೋರ್ಡನ್ ವ್ಯಾಯಾಮ ಮಾಡಿ ಮೈ ಬೆಳೆಸಿಕೊಂಡರು, ಜೊತೆಗಾರ ಸ್ಕಾಟಿ ಪಿಪ್ಪೆನ್ ಮಾಗಿದರು, ಕೋಚ್ ಫಿಲ್ ಜ್ಯಾಕ್ಸನ್ ಟ್ರಯಾಂಗಲ್ (ಮೂವರು ತ್ರಿಕೋನವಾಗಿ ನಿಂತು ದಾಳಿ ಮಾಡುವ) ವಿಧಾನ ತಂದರು. 1991ರ 4–0 ರುಚಿಸಿದ್ದು ಆ ಮೂರು ವರ್ಷಗಳ ಸೋಲಿನ ಬೆನ್ನಿಗೆ ಬಂದದ್ದರಿಂದ.

ಇಳಿಸಂಜೆ

ಚರ್ಚೆ ಒಪ್ಪಂದ, ಷರತ್ತುಗಳಲ್ಲೇ ಮುಗಿದುಹೋಗುವ ಮೊದಲು, ಎಲ್ಲರೂ ಮುಟ್ಟದೆ ಬಿಟ್ಟಿರುವ ಒಂದು ಸಂಗತಿಯನ್ನು ಹೇಳುತ್ತೇನೆ. ಆ ಜಿದ್ದಿಗೆ ಟಿ.ವಿ. ಮುಂದೆ ಅಷ್ಟು ಜನ ಸೇರಿದ್ದರ ಹಿಂದೆ ಅಮೆರಿಕದ ವರ್ಣಭೇದದ ನೆರಳೂ ಇತ್ತು. ಬರ್ಡ್ ಬಿಳಿಯರು, ಇಂಡಿಯಾನಾದ ಸಣ್ಣ ಊರಿನವರು. ಮ್ಯಾಜಿಕ್ ಕರಿಯರು, ಹಾಲಿವುಡ್‌ನ ಬೆಳಕಿನಲ್ಲಿ ಆಡುವವರು. ಯಾರು ಯಾರಿಗೆ ಜೈ ಎನ್ನುತ್ತಾರೆ ಎಂಬುದು ಅನೇಕ ಮನೆಗಳಲ್ಲಿ ಆಟದಾಚೆಗಿನ ಪ್ರಶ್ನೆಯಾಗಿತ್ತು.

ಇದರಲ್ಲಿ ಒಂದು ವಿಪರ್ಯಾಸವಿದೆ. 1950ರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ) ಮೊದಲ ಬಾರಿಗೆ ಕಪ್ಪು ಆಟಗಾರನನ್ನು ಆರಿಸಿದ್ದು ಸೆಲ್ಟಿಕ್ಸ್. ಅವರು ಚಕ್ ಕೂಪರ್. ಐವರೂ ಕಪ್ಪು ಆಟಗಾರರನ್ನು ಆರಂಭದಲ್ಲೇ ಕಣಕ್ಕಿಳಿಸಿದ ಮೊದಲ ತಂಡ ಅದು. 1966ರಲ್ಲಿ ಬಿಲ್ ರಸೆಲ್ ಅವರನ್ನು ಲೀಗ್‌ನ ಮೊದಲ ಕಪ್ಪು ಮುಖ್ಯ ಕೋಚ್ ಆಗಿ ನೇಮಿಸಿದ್ದೂ ಅದೇ. ಹಾಗಿದ್ದರೂ ಎಂಬತ್ತರ ದಶಕಕ್ಕೆ ಅದು ಬಿಳಿಯರ ತಂಡವೆಂದೇ ಹೆಸರಾಗಿತ್ತು. ಮಿಶಿಗನ್ ಕನ್ನಡಿಗ ಅವರು ವರ್ಣಿಸಿದ 1987ರ ಸರಣಿಯ ಕೊನೆಯಲ್ಲಿ, ಬರ್ಡ್ ಬಿಳಿಯರಾದ್ದರಿಂದಲೇ ಅವರಿಗೆ ಅಷ್ಟು ಹೊಗಳಿಕೆ ಎಂದು ಪಿಸ್ಟನ್ಸ್‌ನ ಡೆನಿಸ್ ರಾಡ್‌ಮನ್ ಹೇಳಿದರು, ಐಸಯ್ಯ ಅದಕ್ಕೆ ದನಿಗೂಡಿಸಿದರು. ದೇಶವೇ ಅವರ ಮೇಲೆ ಮುಗಿಬಿತ್ತು. ಬರ್ಡ್ ಕುರಿತು ಆ ಮಾತು ಸರಿಯಲ್ಲ, ಅವರ ಆಟ ನೋಡಿದ ಯಾರಿಗೂ ಅದು ಗೊತ್ತು. ಆದರೆ ಕಪ್ಪು ಆಟಗಾರ ಗೆದ್ದರೆ ಅದು ಹುಟ್ಟು ಕಸುವು, ಬಿಳಿಯ ಗೆದ್ದರೆ ಅದು ಬುದ್ಧಿ ಮತ್ತು ದುಡಿಮೆ ಎಂದು ಬಣ್ಣಿಸುವ ವಾಡಿಕೆಯ ಬಗ್ಗೆ ಐಸಯ್ಯ ಎತ್ತಿದ ತಕರಾರಿನಲ್ಲಿ ಹುರುಳಿತ್ತು.

ಸ್ವತಃ ಆ ಇಬ್ಬರ ನಡುವೆ ಏನಿತ್ತೆಂದರೆ, 1985ರಲ್ಲಿ ಕಾನ್ವರ್ಸ್ ಶೂ ಜಾಹೀರಾತಿನ ಚಿತ್ರೀಕರಣಕ್ಕೆಂದು ಮ್ಯಾಜಿಕ್ ಅವರು ಬರ್ಡ್ ಅವರ ಊರಾದ ಫ್ರೆಂಚ್ ಲಿಕ್‌ಗೆ ಹೋದಾಗ, ಬರ್ಡ್ ಅವರ ತಾಯಿ ಅವರಿಗೆ ಮನೆಯಲ್ಲೇ ಊಟಕ್ಕಿಟ್ಟರು. ಅಲ್ಲಿಯವರೆಗೆ ಬಿಗುವಿನಿಂದಿದ್ದ ಇಬ್ಬರೂ ಅಲ್ಲಿ ಮನಬಿಚ್ಚಿ ಮಾತನಾಡಿದರು. ಹಗೆಯನ್ನು ಆಡಿಸಿದ್ದು ಗ್ಯಾಲರಿ; ಆಟಗಾರರು ಅಲ್ಲಿಗೇ ಸ್ನೇಹಿತರಾಗಿದ್ದರು.

ಅಂಕಪಟ್ಟಿ

ಇಳಿಸಂಜೆ ಅವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಆರನೇ ಆಟಗಾರ ಅವರ ವಾದಕ್ಕೆ ಅವರು ಬಳಸದ ಉತ್ತಮ ಪುರಾವೆಯೊಂದನ್ನು ನಾನೇ ಒದಗಿಸುತ್ತೇನೆ. ನ್ಯೂಯಾರ್ಕ್ ನಿಕ್ಸ್ ಮತ್ತು ಮಯಾಮಿ ಹೀಟ್ 1997ರಿಂದ 2000ದವರೆಗೆ ಪ್ರತಿವರ್ಷವೂ ಪ್ಲೇಆಫ್‌ನಲ್ಲಿ (ಲೀಗ್ ಹಂತದ ನಂತರದ ನಾಕೌಟ್ ಸರಣಿಗಳಲ್ಲಿ) ಎದುರಾದವು, ನಾಲ್ಕೂ ಸರಣಿಗಳು ಕೊನೆಯ ಪಂದ್ಯದವರೆಗೂ ಹೋದವು. ಬಂಧುತ್ವವೇ ವೈರವಾದ ಕಥೆ ಅದು. ರೈಲಿ 1995ರಲ್ಲಿ ಫ್ಯಾಕ್ಸ್ ಮೂಲಕ ರಾಜೀನಾಮೆ ಕಳಿಸಿ ನಿಕ್ಸ್ ತೊರೆದು ಮಯಾಮಿಗೆ ಬಂದವರು. ನಿಕ್ಸ್‌ನ ಕೋಚ್ ಜೆಫ್ ವಾನ್ ಗಂಡಿ ಅವರ ಹಳೆಯ ಸಹಾಯಕ, ಜೆಫ್ ಅವರ ಅಣ್ಣ ಸ್ಟ್ಯಾನ್ ಮಯಾಮಿಯಲ್ಲಿ ರೈಲಿಗೆ ಸಹಾಯಕ. ಹೀಟ್‌ನ ಅಲೊಂಜೊ ಮೋರ್ನಿಂಗ್ ಮತ್ತು ನಿಕ್ಸ್‌ನ ಲ್ಯಾರಿ ಜಾನ್ಸನ್ ಹಿಂದೆ ಶಾರ್ಲಟ್‌ನಲ್ಲಿ ಜೊತೆಗಾರರು. 1998ರಲ್ಲಿ ಇವರಿಬ್ಬರೂ ಗುದ್ದಾಟಕ್ಕಿಳಿದಾಗ, ಬಿಡಿಸಲು ಹೋದ ಜೆಫ್ ವಾನ್ ಗಂಡಿ ನೆಲಕ್ಕೆ ಬಿದ್ದು ಆರಡಿ ಹತ್ತಂಗುಲದ ಮೋರ್ನಿಂಗ್ ಅವರ ಕಾಲಿಗೆ ಜೋತುಬಿದ್ದ ದೃಶ್ಯ ಯಾರಿಗೆ ತಾನೇ ಮರೆತೀತು?

ಆದರೆ ಆಟ? 1999ರ ನಿರ್ಣಾಯಕ ಪಂದ್ಯ 78–77, 2000ದ್ದು 83–82. ಅಂಕಗಳೇ ಬೀಳದ, ಹೆಜ್ಜೆಗೊಂದು ಸೀಟಿಯ ಆಟ. ಜಿದ್ದು ಗಟ್ಟಿಯಾಗಿದ್ದ ಮಾತ್ರಕ್ಕೆ ಆಟ ಚೆನ್ನಾಗಿತ್ತೆಂದು ಹೇಳಲಾಗದು ಎಂಬುದಕ್ಕೂ ಇದೇ ಪುರಾವೆ. ಈ ಎರಡನ್ನೂ ಬೇರೆ ಬೇರೆಯಾಗಿ ಅಳೆಯೋಣ ಎಂಬುದಷ್ಟೇ ನನ್ನ ಕೋರಿಕೆ.

ಮಂಡ್ಯ ಪಾಯಿಂಟ್‌ಗಾರ್ಡ್

ಇದೇ ಮಾತು ನನ್ನ ಮನಸ್ಸಿನಲ್ಲೂ ಇತ್ತು. ಇನ್ನೊಂದು ಸಂಶಯವೆಂದರೆ, ನಮ್ಮ ಕಡೆಯ ಹಿರಿಯರಿಗೆ ಲೇಕರ್ಸ್–ಸೆಲ್ಟಿಕ್ಸ್ ಬಗ್ಗೆ ಇರುವ ಹಂಬಲ ಬಹುಮಟ್ಟಿಗೆ ಕೇಳಿ ಬಂದದ್ದೇ ಅಲ್ಲವೇ? ಕೇಬಲ್ ಟಿ.ವಿ. ನಮ್ಮ ಊರುಗಳನ್ನು ತಲುಪಿದ್ದು ತೊಂಬತ್ತರ ದಶಕದಲ್ಲಿ. ಅಷ್ಟರೊಳಗೆ ಮ್ಯಾಜಿಕ್ ಎಚ್‌ಐವಿ ಸೋಂಕಿನ ಸುದ್ದಿಯನ್ನು ತಿಳಿಸಿ ನಿವೃತ್ತರಾಗಿದ್ದರು, 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಮುಗಿದೊಡನೆ ಬರ್ಡ್ ಕೂಡ ಆಟ ಬಿಟ್ಟಿದ್ದರು. ನಾವು ಕಂಡದ್ದು ಜೋರ್ಡನ್ ಅವರನ್ನು ಮಾತ್ರ, ಅವರಿಗೆ ಸರಿಸಮ ವೈರಿಯೇ ಉಳಿದಿರಲಿಲ್ಲ. ಇರಲಿ, ಆ ಕಾಲದ ಒಂದೇ ಒಂದು ಪಂದ್ಯವನ್ನು ಪೂರ್ತಿ ನೋಡಬೇಕೆಂದರೆ ಯಾವುದನ್ನು ಸೂಚಿಸುತ್ತೀರಿ? ತುಣುಕುಗಳು ಬೇಡ. ನಮ್ಮ ಕ್ಲಬ್ಬಿನ ಹುಡುಗರಿಗೆ ತೋರಿಸಬೇಕೆಂದಿದ್ದೇನೆ.

ಆರನೇ ಆಟಗಾರ

ಕೇಳಿ ಬಂದದ್ದು ಎಂಬ ಮಾತು ನಿಜ. ನಾನೂ ಅವನ್ನೆಲ್ಲ ಎಷ್ಟೋ ವರ್ಷಗಳ ನಂತರ ನೋಡಿದವನೇ. ಹುಡುಗರಿಗೆ 1987ರ ಫೈನಲ್ಸ್‌ನ ನಾಲ್ಕನೇ ಪಂದ್ಯ ತೋರಿಸಿ. ಬಾಸ್ಟನ್‌ನಲ್ಲಿ ಹದಿನಾರು ಅಂಕಗಳ ಹಿನ್ನಡೆಯಿಂದ ಲೇಕರ್ಸ್ ಹೇಗೆ ಅವಸರವಿಲ್ಲದೆ ಮೇಲೆ ಬಂತೆಂಬುದನ್ನು ಗಮನಿಸಲಿ. ಕೊನೆಯಲ್ಲಿ ಮ್ಯಾಜಿಕ್ ಅವರು ಮೆಕ್‌ಹೇಲ್ ಮತ್ತು ಪ್ಯಾರಿಶ್ ಚಾಚಿದ ಕೈಗಳ ಮೇಲಿಂದ ಕರೀಂ ಶೈಲಿಯ ಹುಕ್ (ಒಂದೇ ಕೈಯನ್ನು ತಲೆಯ ಮೇಲಿಂದ ಬಾಗಿಸಿ ಎಸೆಯುವ ಎಸೆತ) ಹಾಕುತ್ತಾರೆ, 107–106. ಅದಾದ ಮೇಲೆ ಎರಡು ಸೆಕೆಂಡು ಉಳಿದಿರುವಾಗ ಬರ್ಡ್ ಅವರಿಗೆ ಮೂಲೆಯಲ್ಲಿ ಒಳ್ಳೆಯ ಎಸೆತವೇ ಸಿಗುತ್ತದೆ, ಅದು ರಿಂಗಿಗೆ ಬಡಿದು ಹೊರಗೆ ಬೀಳುತ್ತದೆ. ಇಡೀ ಪಂದ್ಯದಲ್ಲಿ ಕುತ್ತಿಗೆಗೆ ಕೈ ಹಾಕುವ ಪ್ರಸಂಗವಿಲ್ಲವಾದ್ದರಿಂದ ನಿಮ್ಮ ಆಕ್ಷೇಪಕ್ಕೂ ಎಡೆಯಿಲ್ಲ.

ಮಿಶಿಗನ್ ಕನ್ನಡಿಗ

ನನ್ನ ಮತ ಅದೇ ವರ್ಷದ ಸೆಲ್ಟಿಕ್ಸ್–ಪಿಸ್ಟನ್ಸ್ ಏಳನೇ ಪಂದ್ಯಕ್ಕೆ. ಕೈಬಿಟ್ಟ ಚೆಂಡೊಂದಕ್ಕಾಗಿ ನಮ್ಮವರೇ ಆದ ಏಡ್ರಿಯನ್ ಡ್ಯಾಂಟ್ಲಿ ಮತ್ತು ವಿನ್ನಿ ಜಾನ್ಸನ್ ಇಬ್ಬರೂ ಒಟ್ಟಿಗೆ ಹಾರಿ ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡರು. ಡ್ಯಾಂಟ್ಲಿ ಅವರನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಕೊನೆಗೆ 117–114. ಅವರು ಅಂಗಣದಲ್ಲಿ ಉಳಿದಿದ್ದರೆ ಆ ಮೂರು ಅಂಕಗಳು ನಮ್ಮ ಕಡೆ ಬರುತ್ತಿದ್ದವೆಂಬುದು ನನ್ನ ಅಚಲ ನಂಬಿಕೆ.

ಅಂಕಪಟ್ಟಿ

ಆ ಪಂದ್ಯದಲ್ಲಿ ಬರ್ಡ್ 37 ಅಂಕ ಗಳಿಸಿದ್ದಾರೆ. ಡ್ಯಾಂಟ್ಲಿ ಉಳಿದಿದ್ದರೆ ಅವರು ನಲವತ್ತು ಗಳಿಸಿರುತ್ತಿದ್ದರು ಎಂಬುದು ಬಾಸ್ಟನ್‌ನವರ ಅಚಲ ನಂಬಿಕೆಯಾಗಿರಬಹುದು, ಕನ್ನಡಿಗರೇ.